ಪರ್ತ್‌ನಿಂದ ಉತ್ತರಕ್ಕೆ: ಸಾರವಿಲ್ಲದ ಮಣ್ಣಿನಲ್ಲಿ ಇಷ್ಟೊಂದು ಹೂವು ಹೇಗೆ?

ಆಗಸ್ಟ್ ಬಂತೆಂದರೆ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ಊರಿನವರಿಗೆ ಒಂದು ಹುಚ್ಚು ಹಿಡಿಯುತ್ತದೆ. ಕ್ಯಾರವಾನ್ ಕಟ್ಟಿಕೊಂಡ ನಿವೃತ್ತರು, ಕ್ಯಾಮೆರಾ ಹೊತ್ತ ಹುಡುಗರು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡ ಸಂಸಾರಗಳು, ಎಲ್ಲರೂ ಉತ್ತರಕ್ಕೆ ಹೊರಡುತ್ತಾರೆ. ಮೂರ್ನಾಲ್ಕು ನೂರು ಕಿಲೋಮೀಟರ್ ಓಡಿಸಿ, ಹೆಸರೇ ಕೇಳಿರದ ಯಾವುದೋ ಹಳ್ಳಿಯ ಆಚೆ ಕಾರು ನಿಲ್ಲಿಸಿ, ಮಣ್ಣಿನಲ್ಲಿ ಮಂಡಿಯೂರಿ ಕೂರುತ್ತಾರೆ. ನೋಡುವುದು ಕಾಡುಹೂವು. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ.

ಆಸ್ಟ್ರೇಲಿಯಾದ ನೈಋತ್ಯ ಮೂಲೆ, ಅಂದರೆ ಕರ್ನಾಟಕದ ಒಂದೂವರೆಯಷ್ಟಿರುವ ಈ ಪ್ರದೇಶದಲ್ಲಿ, ಸುಮಾರು 8,000 ಜಾತಿಯ ಹೂಬಿಡುವ ಸಸ್ಯಗಳಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಪ್ರಪಂಚದ ಬೇರೆಲ್ಲೂ ಇಲ್ಲ. ಇಲ್ಲಿ ಮಳೆಕಾಡಿಲ್ಲ. ಸಹ್ಯಾದ್ರಿಯಂಥ ಮಳೆಯೂ ಇಲ್ಲ. ಇರುವುದು ಸಪ್ಪೆ ಮರಳು, ಕೆಂಪು ಜಲ್ಲಿ ಕಲ್ಲು, ಮೊಣಕಾಲೆತ್ತರದ ಚುಚ್ಚುವ ಪೊದೆ. ಮಣ್ಣು ಪರೀಕ್ಷೆಗೆ ಕೊಟ್ಟರೆ ಯಾವ ರೈತನೂ ಬೇಡ ಅನ್ನುವಂಥ ನೆಲ. ಆದರೆ ಹೂವಿನ ಗುಟ್ಟು ಇರುವುದೇ ಆ ಸಾರವಿಲ್ಲದ ಮಣ್ಣಿನಲ್ಲಿ.

ಈ ನೆಲ ತುಂಬಾ ಹಳೆಯದು. ಇದೇ ಸೀಮೆಯ ಜ್ಯಾಕ್ ಹಿಲ್ಸ್ ಎಂಬ ಗುಡ್ಡದಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಿಗೆ 440 ಕೋಟಿ ವರ್ಷ. ಭೂಮಿಯಲ್ಲಿ ಹುಟ್ಟಿದ ವಸ್ತುಗಳಲ್ಲಿ ಇದಕ್ಕಿಂತ ಹಳೆಯದು ಇನ್ನೂ ಸಿಕ್ಕಿಲ್ಲ. ನಮ್ಮ ಕರ್ನಾಟಕದ ಬಂಡೆಗಳೂ 300 ಕೋಟಿ ವರ್ಷದಷ್ಟು ಹಳೆಯವೇ, ಅದೇನು ಮಹಾ ಅನ್ನಬಹುದು. ಆದರೆ ಬಂಡೆಯ ವಯಸ್ಸು ಬೇರೆ, ಮೇಲಿನ ಮಣ್ಣಿನ ವಯಸ್ಸು ಬೇರೆ. ಹೊಸ ಮಣ್ಣು ಹುಟ್ಟಬೇಕಾದರೆ ಜ್ವಾಲಾಮುಖಿ ಉಗುಳಬೇಕು, ಬೆಟ್ಟ ಏಳಬೇಕು, ಇಲ್ಲವೇ ಹಿಮನದಿ ಬಂಡೆ ಅರೆದು ಪುಡಿ ಮಾಡಬೇಕು. ಇಲ್ಲಿ ಹಿಮನದಿ ಹರಿದು 25 ಕೋಟಿ ವರ್ಷಕ್ಕೂ ಜಾಸ್ತಿಯಾಯಿತು. ದೊಡ್ಡ ಬೆಟ್ಟಗಳು ಎದ್ದಿದ್ದೂ ಅದಕ್ಕೆ ಮೊದಲೇ. ಅಷ್ಟೂ ಕಾಲ ಮಳೆ ಸುರಿದು ಸುರಿದು ಮಣ್ಣಿನ ಸತ್ವವನ್ನೆಲ್ಲ ಕೆಳಗಿಳಿಸಿದೆ. ಒಂದೇ ಕಾಫಿ ಪುಡಿಗೆ ಹತ್ತು ಸಲ ಬಿಸಿನೀರು ಹೊಯ್ದು ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟವಿದೆಯಲ್ಲ, ಆ ಸ್ಥಿತಿ. ಅದರಲ್ಲೂ ಗಿಡಕ್ಕೆ ಬೇಕೇಬೇಕಾದ ರಂಜಕ (ಫಾಸ್ಫರಸ್) ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಗೊಬ್ಬರ ತುಂಬಿದ ಮಣ್ಣಿನಲ್ಲಿ ಏನಾಗುತ್ತದೆ ಯೋಚಿಸಿ. ಬೇಗ ಬೆಳೆಯುವ ಎರಡು ಮೂರು ಗಿಡಗಳು ಎತ್ತರಕ್ಕೆ ಹೋಗಿ, ಉಳಿದವಕ್ಕೆ ಬಿಸಿಲು ಸಿಗದಂತೆ ಮಾಡಿ, ಜಾಗ ಪೂರ್ತಿ ತಮ್ಮದು ಮಾಡಿಕೊಳ್ಳುತ್ತವೆ. ಸತ್ವವಿಲ್ಲದ ಮಣ್ಣಿನಲ್ಲಿ ಆ ದಾದಾಗಿರಿ ನಡೆಯುವುದಿಲ್ಲ. ಯಾರಿಗೂ ಬೇಗ ಬೆಳೆಯುವಷ್ಟು ಆಹಾರವೇ ಇಲ್ಲ. ಹಾಗಾಗಿ ನೂರಾರು ಜಾತಿಗಳು ಒಂದೇ ಜಾಗದಲ್ಲಿ, ಒಂದೊಂದೂ ತನ್ನದೇ ಉಪಾಯದಿಂದ ಬದುಕುತ್ತವೆ. ಪೂರ್ವಕ್ಕೆ ನಲ್ಲರ್ಬೋರ್ ಬಯಲಿನ ಸುಣ್ಣಕಲ್ಲು ಮತ್ತು ಮರುಭೂಮಿ, ಪಶ್ಚಿಮ ಮತ್ತು ದಕ್ಷಿಣಕ್ಕೆ ಸಮುದ್ರ. ಹೊರಗಿನವರು ಬರಲಿಲ್ಲ, ಒಳಗಿನವರು ಹೋಗಲಿಲ್ಲ. ಕೋಟ್ಯಂತರ ವರ್ಷ ಇಲ್ಲೇ ಕವಲೊಡೆದವು.

ಜ್ಯೂರಿಯನ್ ಬೇ ಹತ್ತಿರದ ಲೆಸ್ಯೂರ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ದೂರದಿಂದ ನೋಡಿದರೆ ಬರೀ ಕುರುಚಲು. ಮೊದಲ ಸಲ ಬಂದವರು 'ಇದೇನಾ?' ಅನ್ನುವುದೂ ಉಂಟು. ಆದರೆ ಈ ಒಂದು ಉದ್ಯಾನದಲ್ಲೇ 900ಕ್ಕೂ ಹೆಚ್ಚು ಸಸ್ಯ ಜಾತಿಗಳಿವೆ. ಹತ್ತು ಹೆಜ್ಜೆ ನಡೆದರೆ ಕಾಲಬುಡದ ಗಿಡಗಳು ಬದಲಾಗಿರುತ್ತವೆ. ಇಲ್ಲಿ ಕಾರಿನಿಂದ ಇಳಿಯದವರಿಗೆ ಏನೂ ಕಾಣುವುದಿಲ್ಲ.

ಈ ಮಣ್ಣಿನಲ್ಲಿ ಬದುಕುವ ಉಪಾಯಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬ್ಯಾಂಕ್ಸಿಯಾ ಎಂಬ ಗಿಡದ ಬೇರು. ಮಳೆಗಾಲದಲ್ಲಿ ಈ ಗಿಡ ನೆಲದ ಮೇಲ್ಪದರದಲ್ಲಿ ಕೂದಲಿಗಿಂತ ಸಣ್ಣ ಬೇರುಗಳ ಒತ್ತಾದ ಚಾಪೆ ಹೆಣೆಯುತ್ತದೆ. ಆ ಬೇರುಗಳಿಂದ ಸಿಟ್ರೇಟ್‌ನಂಥ ಆಮ್ಲ ಒಸರುತ್ತದೆ. ಕಬ್ಬಿಣಕ್ಕೋ ಅಲ್ಯೂಮಿನಿಯಂಗೋ ಅಂಟಿಕೊಂಡು ಕೂತ ರಂಜಕವನ್ನು ಆಮ್ಲ ಬಿಡಿಸುತ್ತದೆ, ಬೇರು ಹೀರಿಕೊಳ್ಳುತ್ತದೆ. ಕೆಲವು ವಾರದಲ್ಲಿ ಆ ಚಾಪೆ ಸತ್ತು ಹೋಗುತ್ತದೆ. ಕೆಲಸ ಮುಗಿಯಿತು. ಈ ಬಡತನಕ್ಕೆ ಎಷ್ಟು ಒಗ್ಗಿಕೊಂಡಿವೆ ಎಂದರೆ, ಮನೆ ತೋಟದ ಬ್ಯಾಂಕ್ಸಿಯಾಕ್ಕೆ ಪ್ರೀತಿಯಿಂದ ಮಾಮೂಲಿ ಗೊಬ್ಬರ ಹಾಕಿದರೆ ಅದು ಸತ್ತೇ ಹೋಗಬಹುದು. ಸಿಕ್ಕಿದ ರಂಜಕವನ್ನು ಬಿಡದೆ ಹೀರುವುದು ಗೊತ್ತು, ಸಾಕು ಅನ್ನುವುದು ಗೊತ್ತಿಲ್ಲ. ನರ್ಸರಿಗಳಲ್ಲಿ ಇವಕ್ಕೆಂದೇ ರಂಜಕ ಕಡಿಮೆ ಇರುವ ಗೊಬ್ಬರ ಬೇರೆ ಮಾರುತ್ತಾರೆ. ಅಂದಹಾಗೆ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದು ಬ್ಯಾಂಕ್ಸಿಯಾದ ಕುಟುಂಬದ್ದೇ. ಪೂರ್ವ ಆಸ್ಟ್ರೇಲಿಯಾದಿಂದ ಬಂದ ಮರ.

ಮಣ್ಣಿನ ಜೊತೆ ಬೆಂಕಿಯನ್ನೂ ಸೇರಿಸಬೇಕು. ಬೇಸಿಗೆ ಒಣ, ಗಾಳಿ ಜೋರು, ಕಾಡಿಗೆ ಬೆಂಕಿ ಬೀಳುವುದು ಮಾಮೂಲು. ಅನೇಕ ಬ್ಯಾಂಕ್ಸಿಯಾಗಳು ಬೀಜವನ್ನು ಮರದಷ್ಟು ಗಟ್ಟಿಯಾದ ಕಾಯಿಯೊಳಗೆ ವರ್ಷಗಟ್ಟಲೆ ಇಟ್ಟುಕೊಂಡು ಕಾಯುತ್ತವೆ. ಬೆಂಕಿಯ ಶಾಖಕ್ಕೆ ಕಾಯಿ ಬಾಯಿ ಬಿಡುತ್ತದೆ. ಬೀಜ ಬೀಳುವುದು ಬೂದಿಯ ಮೇಲೆ, ನೆರಳು ಮಾಡುವವರು ಯಾರೂ ಇಲ್ಲದ ಬಯಲಿನಲ್ಲಿ. ಇನ್ನು ಕೆಲವು ಬೀಜಗಳು ನೆಲದಲ್ಲೇ ಮಲಗಿರುತ್ತವೆ. ಅವನ್ನು ಎಬ್ಬಿಸುವುದು ಶಾಖವಲ್ಲ, ಹೊಗೆ. ಗಿಡ ಸುಟ್ಟಾಗ ಹುಟ್ಟುವ ಒಂದು ರಾಸಾಯನಿಕ ಮಳೆನೀರಿನ ಜೊತೆ ಮಣ್ಣಿಗಿಳಿದು ಬೀಜಕ್ಕೆ ಸುದ್ದಿ ಮುಟ್ಟಿಸುತ್ತದೆ. ಕ್ಯಾರಿಕಿನೊಲೈಡ್ ಎಂಬ ಆ ರಾಸಾಯನಿಕವನ್ನು ಪರ್ತ್‌ನ ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ಈಗ ಹೊಗೆ ಹಾಯಿಸಿದ ನೀರನ್ನು ಬಾಟಲಿಯಲ್ಲಿ ಮಾರುತ್ತಾರೆ. ಕಾಡುಹೂವು ಬಿತ್ತುವವರು ಬೀಜವನ್ನು ಅದರಲ್ಲಿ ನೆನೆಸುತ್ತಾರೆ.

ಇಷ್ಟು ಗೊತ್ತಿದ್ದರೆ ದಾರಿಯಲ್ಲಿ ಕಾಣುವುದನ್ನು ವಿಂಗಡಿಸುವುದು ಸುಲಭ. ಒಳನಾಡಿನ ಕಡೆ, ಡಾಲ್ವಾಲಿನು, ಪೆರೆಂಜೊರಿ, ಮೊರಾವ, ಮುಲ್ಲೆವಾ ದಾರಿಯಲ್ಲಿ, ಕಾಣುವುದು ಹೆಚ್ಚಾಗಿ ಎವರ್‌ಲಾಸ್ಟಿಂಗ್ ಹೂವಿನ ಹಾಸು. ಗುಲಾಬಿ, ಬಿಳಿ, ಹಳದಿ, ಕಣ್ಣು ಹಾಯುವವರೆಗೆ. ಇವು ಒಂದೇ ಮಳೆಗಾಲದ ಗಿಡಗಳು. ಮೇ, ಜೂನ್‌ನಲ್ಲಿ ಚೆನ್ನಾಗಿ ಮಳೆಯಾದರೆ ಮೊಳೆಯುತ್ತವೆ, ಆಗಸ್ಟ್‌ನಲ್ಲಿ ಹೂವು, ಅಕ್ಟೋಬರ್‌ಗೆ ಬೀಜ ಉದುರಿಸಿ ಮುಗಿಯಿತು. ಮಳೆ ಕೈಕೊಟ್ಟ ವರ್ಷ ಹಾಸೂ ಇಲ್ಲ, ಏನೂ ಇಲ್ಲ. ಮಿಂಗೆನ್ಯೂ ಪಕ್ಕದ ಕೋಲ್‌ಸೀಮ್ ಎಂಬ ಸಂರಕ್ಷಿತ ತಾಣ ಇದಕ್ಕೆ ಹೆಸರುವಾಸಿ. 1846ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮೊದಲ ಕಲ್ಲಿದ್ದಲು ಸಿಕ್ಕಿದ್ದು ಇಲ್ಲೇ. ಈಗ ಕಲ್ಲಿದ್ದಲಿಗಾಗಿ ಯಾರೂ ಬರುವುದಿಲ್ಲ. ಒಂದು ಮಾತು: ಎವರ್‌ಲಾಸ್ಟಿಂಗ್ ಹೂವಿನ ದಳ ನಿಜವಾದ ದಳವಲ್ಲ, ಕಾಗದದಂತೆ ಸರಸರ ಅನ್ನುವ ಒಣ ಎಲೆ. ಬಿಸಿಲು ಬಿದ್ದಾಗ ಬಿಚ್ಚುತ್ತದೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ ಏಳಕ್ಕೇ ಹೋಗಿ 'ಹೂವೇ ಇಲ್ಲ' ಎಂದು ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಗಂಟೆಯ ಮೇಲೆ ಹೋಗಿ.

ಕರಾವಳಿಗೆ ಹತ್ತಿರವಾದಂತೆ ಹಾಸು ಕಡಿಮೆಯಾಗಿ ಪೊದೆಗಳು ಶುರುವಾಗುತ್ತವೆ. ಬ್ಯಾಂಕ್ಸಿಯಾ, ಗ್ರೆವಿಲಿಯಾ, ಹೇಕಿಯಾ, ನೂರೆಂಟು ಬಗೆಯ ಬಟಾಣಿ ಜಾತಿಯ ಹೂಗಳು. ಇವು ಪ್ರತಿವರ್ಷ ಗ್ಯಾರಂಟಿ.

ಮುಲ್ಲೆವಾದಿಂದ ಪೂರ್ವಕ್ಕೆ ಪಿಂಡಾರ್ ಎಂಬ ಪುಟ್ಟ ಊರಿದೆ. ಊರು ಅನ್ನುವುದೂ ಜಾಸ್ತಿಯೇ. ಅಲ್ಲಿಂದ ಮಣ್ಣು ರಸ್ತೆಗೆ ತಿರುಗಿದರೆ ಹತ್ತಾರು ಕಾರುಗಳು ಸಾಲಾಗಿ ನಿಂತಿರುತ್ತವೆ. ಜನ ನೆಲ ನೋಡುತ್ತಾ ಓಡಾಡುತ್ತಿರುತ್ತಾರೆ. ಅವರು ಹುಡುಕುವುದು ರೀತ್ ಫ್ಲವರ್ ಅನ್ನು, ಅಂದರೆ ಹಾರದ ಹೂವು. ವೈಜ್ಞಾನಿಕ ಹೆಸರು ಲೆಶನಾಲ್ಟಿಯಾ ಮ್ಯಾಕ್ರಾಂತಾ. ಗಿಡ ನೆಲಕ್ಕಂಟಿಕೊಂಡು ವೃತ್ತಾಕಾರವಾಗಿ ಹರಡುತ್ತದೆ. ಮಧ್ಯದಲ್ಲಿ ಬೂದುಹಸಿರು ಎಲೆ, ಹೂವು ಬರೀ ಅಂಚಿನಲ್ಲಿ, ಎಲ್ಲವೂ ಹೊರಮುಖವಾಗಿ, ಒಂದಕ್ಕೊಂದು ತಾಗಿಕೊಂಡು. ಕೆನೆ ಬಣ್ಣದ ದಳಕ್ಕೆ ಗುಲಾಬಿ, ಕೆಂಪು ಅಂಚು. ಯಾರೋ ಹಾರ ಕಟ್ಟಿ ನೆಲದ ಮೇಲಿಟ್ಟು ಹೋದರೇನೋ ಅನ್ನಿಸಬೇಕು. ತಮಾಷೆ ಏನೆಂದರೆ ಇದಕ್ಕೆ ಒಳ್ಳೆಯ ಕಾಡು ಬೇಡ. ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಕೆರೆದು ಹಾಕಿದ ಜಲ್ಲಿ ಅಂಚೇ ಇದರ ಮನೆ. ಪಕ್ಕದ ಬೇಲಿಯಾಚೆ ಒಂದೂ ಇರುವುದಿಲ್ಲ, ರಸ್ತೆ ಬದಿಯಲ್ಲಿ ಸಾಲುಸಾಲು. ಬೇರೆ ಗಿಡಗಳು ಬಂದು ಜಾಗ ತುಂಬಿದ ಮೇಲೆ ಇದು ಮಾಯ. ಹಾಗಾಗಿ ಹೋದ ವರ್ಷ ಕಂಡ ಜಾಗದಲ್ಲೇ ಈ ವರ್ಷವೂ ಸಿಗುತ್ತದೆ ಅನ್ನುವ ಹಾಗಿಲ್ಲ. ಹತ್ತಿರದ ಊರಿನ ಮಾಹಿತಿ ಕೇಂದ್ರದಲ್ಲಿ ಕೇಳಿದರೆ ಈ ವಾರ ಎಲ್ಲಿದೆ ಎಂದು ಹೇಳುತ್ತಾರೆ.

ಇನ್ನೊಂದನ್ನು ತಪ್ಪಿಸಬೇಡಿ: ಟ್ರಿಗರ್ ಪ್ಲಾಂಟ್. ಹೂವು ಹೆಬ್ಬೆರಳ ಉಗುರಿನಷ್ಟೂ ಇರುವುದಿಲ್ಲ. ಒಂದು ಸಣ್ಣ ಹುಲ್ಲುಕಡ್ಡಿ ತೆಗೆದುಕೊಂಡು ಹೂವಿನ ಗಂಟಲಿಗೆ ಮೆತ್ತಗೆ ತಾಗಿಸಿ. ಹಿಂದಕ್ಕೆ ಬಾಗಿ ಅಡಗಿದ್ದ ಒಂದು ಕಂಬ ಫಟ್ಟನೆ ಮುಂದಕ್ಕೆ ಚಿಮ್ಮಿ ಕಡ್ಡಿಗೆ ಬಡಿಯುತ್ತದೆ. ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲಿ ಮುಗಿದುಹೋಗುತ್ತದೆ, ಚಲನೆ ಕಣ್ಣಿಗೆ ಸಿಗುವುದೇ ಇಲ್ಲ. ಮಕರಂದಕ್ಕೆ ಬಂದ ನೊಣ ಅಥವಾ ಜೇನಿನ ಬೆನ್ನಿಗೆ ಬೀಳುವ ಏಟು ಇದು. ಎಳೆ ಹೂವಾದರೆ ಆ ಕಂಬದ ತುದಿಯಲ್ಲಿ ಪರಾಗ ಇರುತ್ತದೆ. ಹೂವು ಬಲಿತ ಮೇಲೆ ಅದೇ ತುದಿಯಲ್ಲಿ ಪರಾಗ ಹಿಡಿದುಕೊಳ್ಳುವ ಶಲಾಕಾಗ್ರ ಬೆಳೆಯುತ್ತದೆ. ಅಂದರೆ ಒಂದು ಹೂವು ಬೆನ್ನಿನ ಯಾವ ಜಾಗಕ್ಕೆ ಪರಾಗ ಬಳಿಯಿತೋ, ಇನ್ನೊಂದು ಹೂವು ಸರಿಯಾಗಿ ಅದೇ ಜಾಗದಿಂದ ಒರೆಸಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕಾದರೆ ಕಂಬ ನಿಧಾನಕ್ಕೆ ಹಿಂದಕ್ಕೆ ಬಾಗಿ ಮತ್ತೆ ತಯಾರಾಗುತ್ತದೆ. ಮಕ್ಕಳು ಜೊತೆಗಿದ್ದರೆ ಅಲ್ಲಿಂದ ಎಬ್ಬಿಸುವುದು ಕಷ್ಟ.

ಇಲ್ಲಿ ಕೆಂಪು ಹೂವು ಜಾಸ್ತಿ ಎಂದು ನಿಮಗೂ ಅನ್ನಿಸಬಹುದು. ಅದಕ್ಕೆ ಕಾರಣ ಹಕ್ಕಿಗಳು. ಒಂದು ವಾದ ಹೀಗಿದೆ: ಮಣ್ಣಿನಲ್ಲಿ ಸತ್ವವಿಲ್ಲ, ಆದರೆ ಬಿಸಿಲಿಗೆ ಬರವಿಲ್ಲ. ಬಿಸಿಲಿನಿಂದ ಸಕ್ಕರೆ ಮಾಡುವುದು ಗಿಡಕ್ಕೆ ಅಗ್ಗ, ಎಲೆ ಬೀಜ ಮಾಡುವುದು ದುಬಾರಿ. ಹಾಗಾಗಿ ಮಕರಂದವನ್ನು ಧಾರಾಳವಾಗಿ ಸುರಿದು ಹಕ್ಕಿಗಳನ್ನೇ ಕೂಲಿಗೆ ಕರೆಯುತ್ತದೆ. ರಾಜ್ಯದ ಹೂವಾದ ಕ್ಯಾಂಗರೂ ಪಾ, ಮಕರಂದ ಹೀರಲು ಬಗ್ಗಿದ ಹಕ್ಕಿಯ ತಲೆಗೆ ಪರಾಗ ಮೆತ್ತುತ್ತದೆ. ಹನಿ ಪೊಸಮ್ ಎಂಬ ಇಲಿಗಿಂತ ಚಿಕ್ಕ ಪ್ರಾಣಿಯೂ ಇದೆ, ತೂಕ ಹತ್ತು ಗ್ರಾಂ ಆಸುಪಾಸು. ಬರೀ ಮಕರಂದ, ಪರಾಗ ತಿಂದೇ ಬದುಕುತ್ತದೆ. ಹಾರಲು ಬಾರದ ಸಸ್ತನಿಗಳಲ್ಲಿ ಹೀಗೆ ಬದುಕುವುದು ಇದೊಂದೇ. ರಾತ್ರಿ ಸಂಚಾರಿ, ಕಾಣುವುದು ಅದೃಷ್ಟ.

ಮುದ್ದಾಗಿ ಕಾಣುವ ಕೆಲವು ಬಟಾಣಿ ಹೂಗಳ ಗಿಡ ಮಾತ್ರ ಅಪ್ಪಟ ವಿಷ. ಇಂಗ್ಲಿಷರು ತಂದ ದನ ಕುರಿಗಳು ಇದನ್ನು ಮೇಯ್ದು ರಾಶಿ ರಾಶಿ ಸತ್ತವು. ಇಲ್ಲಿಯ ಮೂಲ ಪ್ರಾಣಿಗಳು ತಲೆತಲಾಂತರದಿಂದ ತಿಂದು ತಿಂದು ಅರಗಿಸಿಕೊಳ್ಳುವುದನ್ನು ಕಲಿತಿವೆ. ಈಗ ಅದೇ ವಿಷವನ್ನು ಮಾಂಸದ ತುಣುಕಿಗೆ ಸೇರಿಸಿ ಕಾಡಿನಲ್ಲಿ ಹಾಕುತ್ತಾರೆ. ಹೊರಗಿನಿಂದ ಬಂದ ನರಿ ಸಾಯುತ್ತದೆ, ಇಲ್ಲಿಯ ಪ್ರಾಣಿಗೆ ಅಷ್ಟಾಗಿ ಏನೂ ಆಗುವುದಿಲ್ಲ.

ರಸ್ತೆ ಬದಿಯಲ್ಲೇ ಯಾಕೆ ಇಷ್ಟು ಹೂವು ಎಂಬುದಕ್ಕೆ ಬೇಸರದ ಉತ್ತರವೊಂದಿದೆ. ಗೋಧಿ ಬೆಳೆಯುವ ಸೀಮೆಯಲ್ಲಿ ಕಾಡನ್ನು ಹೆಚ್ಚುಕಡಿಮೆ ಪೂರ್ತಿ ಕಡಿದಿದ್ದಾರೆ. ಹಲವು ಕಡೆ ಹತ್ತರಲ್ಲಿ ಒಂಬತ್ತು ಪಾಲು ಹೋಗಿದೆ. ಸೂಪರ್ ಫಾಸ್ಫೇಟ್ ಸುರಿದು ಗೋಧಿ ಬೆಳೆದರು. ಆಳಕ್ಕೆ ಬೇರು ಬಿಟ್ಟು ನೀರು ಹೀರುತ್ತಿದ್ದ ಗಿಡಗಳು ಹೋದ ಮೇಲೆ ಅಂತರ್ಜಲ ಮೇಲೆದ್ದು ಉಪ್ಪನ್ನೂ ಜೊತೆಗೆ ತಂದಿತು. ಬಿಳಿಚಿಕೊಂಡ, ಒಣಮರ ನಿಂತ ಗದ್ದೆಗಳು ದಾರಿಯುದ್ದಕ್ಕೂ ಕಾಣುತ್ತವೆ. ಬೇಲಿಗೂ ಡಾಂಬರಿಗೂ ನಡುವೆ ಉಳಿದ ಪಟ್ಟಿಯಷ್ಟೇ ಹಳೆಯ ಕಾಡು. ಅದಕ್ಕೇ ಇಲ್ಲಿ ರಸ್ತೆಯ ಅಂಚನ್ನೂ ಕಾಪಾಡುತ್ತಾರೆ, ಕೆಲವು ರಸ್ತೆಗಳಿಗೆ ಫ್ಲೋರಾ ರೋಡ್ ಎಂಬ ಫಲಕವೂ ಇದೆ. ಹೂವು ಕೀಳುವುದು ಕಾನೂನಿಗೆ ವಿರುದ್ಧ. ಅಂಚಿನ ಗಿಡಗಳ ಮೇಲೆ ಕಾರು ಹತ್ತಿಸುವುದಂತೂ ಬೇಡವೇ ಬೇಡ.

ಮಲೆನಾಡಿನವರಿಗೆ ಪಕ್ಕನೆ ಅರ್ಥವಾಗುವ ಇನ್ನೊಂದು ಕಂಟಕವಿದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಗೊತ್ತಲ್ವಾ? ಅದರದೇ ದಾಯಾದಿಯೊಂದು ಇಲ್ಲಿ ಗಿಡಗಳ ಬೇರು ಕೊಳೆಸುತ್ತದೆ. ಡೈಬ್ಯಾಕ್ ಅನ್ನುತ್ತಾರೆ. ಈ ನೈಋತ್ಯದ ಐದರಲ್ಲಿ ಎರಡು ಪಾಲು ಜಾತಿಗಳಿಗೆ ಇದು ತಗಲಬಹುದು, ಬ್ಯಾಂಕ್ಸಿಯಾಗಳಿಗಂತೂ ಯಮ. ಹರಡುವುದು ಒದ್ದೆ ಮಣ್ಣಿನ ಮೂಲಕ, ಅಂದರೆ ಚಪ್ಪಲಿ, ಬೂಟು, ಟೈರು. ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಫಾಸ್ಫೈಟ್ ಸಿಂಪಡಿಸಿದರೆ ಸ್ವಲ್ಪ ಕಾಲ ತಡೆಯಬಹುದು, ಅಷ್ಟೇ. ನಡೆದಾರಿಯ ಬಾಯಲ್ಲಿ ಬ್ರಷ್ಷು ಇಟ್ಟ ಪೆಟ್ಟಿಗೆ ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಬೂಟಿನ ಅಡಿ ಉಜ್ಜಿ ಒಳಗೆ ಹೋಗಿ.

ಈಗ ಆಕಾಶ. ಹೂವಿಗೂ ಅದಕ್ಕೂ ಸಂಬಂಧ ಇದೆ. ಮಣ್ಣು ಬಡವಾಗಿ, ಮಳೆ ಕಡಿಮೆಯಾದ್ದರಿಂದ ಒಳನಾಡಿನಲ್ಲಿ ದೊಡ್ಡ ಊರುಗಳು ಬೆಳೆಯಲೇ ಇಲ್ಲ. ಪಿಂಡಾರ್‌ನಿಂದ ಉತ್ತರಕ್ಕೆ ಸಿಗುವ ಮರ್ಚಿಸನ್ ಶೈರ್ ಎಂಬ ಆಡಳಿತ ಪ್ರದೇಶ ಕರ್ನಾಟಕದ ಕಾಲು ಭಾಗದಷ್ಟು ದೊಡ್ಡದು. ಅಲ್ಲಿರುವುದು ನೂರರ ಲೆಕ್ಕದ ಜನ, ಒಂದೂ ಪಟ್ಟಣವಿಲ್ಲ. ದೀಪ ಇಲ್ಲ, ಹಾಗಾಗಿ ನಕ್ಷತ್ರ ಇದೆ. ಮೊಬೈಲ್ ಟವರ್ ಗದ್ದಲವೂ ಇಲ್ಲದ್ದರಿಂದ ರೇಡಿಯೊ ಖಗೋಳ ವಿಜ್ಞಾನಿಗಳಿಗೂ ಈ ಜಾಗ ಬೇಕಾಯಿತು. ವಜಾರಿ ಯಾಮಾಜಿ ಎಂಬ ಮೂಲನಿವಾಸಿ ಜನರ ನೆಲದಲ್ಲಿ 1,31,072 ಆಂಟೆನಾಗಳ ಎಸ್‌ಕೆಎ (ಸ್ಕ್ವೇರ್ ಕಿಲೋಮೀಟರ್ ಅರೇ) ರೇಡಿಯೊ ದೂರದರ್ಶಕ ಕಟ್ಟುವ ಕೆಲಸ 2022ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದೇ ತಾಣದ ಇನ್ನೊಂದು ದೂರದರ್ಶಕ ಮರ್ಚಿಸನ್ ವೈಡ್‌ಫೀಲ್ಡ್ ಅರೇಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೈಚಳಕವೂ ಸೇರಿದೆ, ಡಿಜಿಟಲ್ ರಿಸೀವರ್‌ಗಳು ಅಲ್ಲಿಯವರದು. ಆ ತಾಣಕ್ಕೆ ಪ್ರವಾಸಿಗಳನ್ನು ಬಿಡುವುದಿಲ್ಲ. ಆದರೆ ಬರಿಗಣ್ಣಿಗೆ ಅದರ ಅಗತ್ಯವೂ ಇಲ್ಲ.

ಕರ್ನಾಟಕದಲ್ಲಿ ಬೆಳೆದವರಿಗೆ ಇಲ್ಲಿ ಮೊದಲು ಗೊಂದಲವಾಗುವುದು ಹಗಲಿನಲ್ಲೇ. ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನೆರಳು ದಕ್ಷಿಣಕ್ಕೆ. ನೆರಳು ನೋಡಿ ದಿಕ್ಕು ಹೇಳುವ ಅಭ್ಯಾಸವಿದ್ದರೆ ಎರಡು ದಿನ ತಪ್ಪುತ್ತಲೇ ಇರುತ್ತೀರಿ. ರಾತ್ರಿ ಚಂದ್ರನೂ ಅಷ್ಟೆ, ಅದರೊಳಗಿನ ಮೊಲ ತಲೆಕೆಳಗಾಗಿರುತ್ತದೆ. ಧ್ರುವ ನಕ್ಷತ್ರವಂತೂ ದಿಗಂತದ ಕೆಳಗೆ.

ಇದಕ್ಕೆ ಪ್ರತಿಯಾಗಿ ಸಿಗುವುದು ದಕ್ಷಿಣದ ಆಕಾಶ. ಬೆಂಗಳೂರಿನಿಂದ ನೋಡಿದರೆ ತ್ರಿಶಂಕು, ಅಂದರೆ ಸದರ್ನ್ ಕ್ರಾಸ್, ದಿಗಂತದಿಂದ 17 ಡಿಗ್ರಿ ಮೇಲೇರುವಷ್ಟರಲ್ಲಿ ಇಳಿಯಲು ಶುರು. ಕಟ್ಟಡ, ಮರ, ಧೂಳು ದಾಟಿ ಕಂಡರೆ ಪುಣ್ಯ. ಮುಲ್ಲೆವಾದಲ್ಲಿ ಅದು 58 ಡಿಗ್ರಿಯವರೆಗೆ ಏರುತ್ತದೆ. ನಮ್ಮಲ್ಲಿ ಚಳಿಗಾಲದ ಸಂಜೆ ದಕ್ಷಿಣದಲ್ಲಿ ತಗ್ಗಾಗಿ ಹೊಳೆಯುವ ಅಗಸ್ತ್ಯ ಇಲ್ಲಿ ಆಗಸ್ಟ್, ಸೆಪ್ಟೆಂಬರ್ ಬೆಳಗಿನ ಜಾವದಲ್ಲಿ ಆಗ್ನೇಯದಲ್ಲಿ ಎತ್ತರಕ್ಕಿರುತ್ತದೆ. ಅದೇ ಹೊತ್ತಿಗೆ ಎರಡು ಮ್ಯಾಗೆಲನ್ ಮೋಡಗಳೂ ಚೆನ್ನಾಗಿ ಕಾಣುತ್ತವೆ. ಮಳೆ ಮೋಡದ ಚೂರು ಎಂದು ಮೊದಲು ಅನ್ನಿಸಿದರೂ ಅವು ಬೇರೆ ಗ್ಯಾಲಕ್ಸಿಗಳು. ದೊಡ್ಡದು ಸುಮಾರು 1,60,000 ಬೆಳಕಿನ ವರ್ಷ ದೂರ.

ಆದರೆ ಹೂವಿನ ಕಾಲದ ದೊಡ್ಡ ಆಕರ್ಷಣೆ ಸಂಜೆಯದ್ದು. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ವೃಶ್ಚಿಕದ ಬಾಲ, ಅಂದರೆ ಮೂಲಾ ನಕ್ಷತ್ರಕ್ಕೂ ಧನು ರಾಶಿಗೂ ನಡುವೆ, ಖಗೋಳದ ಸಮಭಾಜಕದಿಂದ 29 ಡಿಗ್ರಿ ದಕ್ಷಿಣಕ್ಕೆ. ಮಿಂಗೆನ್ಯೂ, ಮೊರಾವ, ಮುಲ್ಲೆವಾ ಎಲ್ಲ ಇರುವುದು ಹೆಚ್ಚುಕಡಿಮೆ ಅದೇ 29 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಹಾಗಾಗಿ ಆಗಸ್ಟ್ ಮಧ್ಯದಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ, ಸೆಪ್ಟೆಂಬರ್ ಮೊದಲ ವಾರವಾದರೆ ಕತ್ತಲಾಗುತ್ತಿದ್ದಂತೆ, ಆ ಕೇಂದ್ರ ಸರಿಯಾಗಿ ನೆತ್ತಿಯ ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ ಅದು 48 ಡಿಗ್ರಿ ಮೀರುವುದಿಲ್ಲ. ನೆತ್ತಿಯ ಮೇಲಿದ್ದರೆ ಗಾಳಿ, ಧೂಳಿನ ಪದರ ಅತಿ ತೆಳು, ಬೆಳಕು ಸೋರುವುದು ಕಡಿಮೆ. ನೆಲದ ಮೇಲೆ ಬೆನ್ನು ಕೊಟ್ಟು ಮಲಗಿ ನೋಡಿ, ಕತ್ತು ನೋಯುವುದಾದರೂ ತಪ್ಪುತ್ತದೆ.

ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಅದಕ್ಕೆ ಅರ್ಧ ಗಂಟೆಯಾದರೂ ಬೇಕು, ಬೆಳಕನ್ನು ಬಿಟ್ಟು ನಡುವಿನ ಕಪ್ಪನ್ನು ಗಮನಿಸಿ. ತ್ರಿಶಂಕುವಿನ ಪಕ್ಕದ ಕಪ್ಪು ಮಚ್ಚೆ ತಲೆ, ಅಲ್ಲಿಂದ ಉದ್ದ ಕತ್ತು, ವೃಶ್ಚಿಕದ ಹತ್ತಿರ ದಪ್ಪ ಹೊಟ್ಟೆ. ಇದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಮು. ನಕ್ಷತ್ರ ಸೇರಿಸಿ ಚಿತ್ರ ಬರೆಯುವುದು ನಮ್ಮ ಪದ್ಧತಿ. ಇವರು ಆಕಾಶಗಂಗೆಯ ಧೂಳಿನ ಕಪ್ಪು ಪಟ್ಟೆಯಲ್ಲೇ ಹಕ್ಕಿಯನ್ನು ಕಂಡರು. ಏಪ್ರಿಲ್, ಮೇ ಸಂಜೆ ಇದು ಮೇಲೇಳುವ ಹೊತ್ತಿಗೆ ನೆಲದ ಮೇಲಿನ ಎಮುಗಳು ಮೊಟ್ಟೆಯಿಡುವ ಕಾಲ. ಯಾವಾಗ ಮೊಟ್ಟೆ ಹುಡುಕಬೇಕು ಎಂಬುದಕ್ಕೆ ಅದೇ ಪಂಚಾಂಗ. ಸೆಪ್ಟೆಂಬರ್ ಸಂಜೆ ಎಮುವಿನ ಹೊಟ್ಟೆ ನೆತ್ತಿಯ ಮೇಲೆ, ತಲೆ ನೈಋತ್ಯದಲ್ಲಿ ಕೆಳಕ್ಕೆ.

ಹೊರಡುವವರಿಗೆ ಒಂದೆರಡು ಮಾತು. ಅಮಾವಾಸ್ಯೆಯ ಆಸುಪಾಸಿನ ವಾರ ಹಿಡಿಯಿರಿ, ಇಲ್ಲದಿದ್ದರೆ ಆಕಾಶದ ಅರ್ಧ ಕಥೆ ಬೆಳದಿಂಗಳಿಗೆ ಹೋಗುತ್ತದೆ. ಮುಸ್ಸಂಜೆಗೆ ಮೊದಲೇ ತಂಗುವ ಜಾಗ ಸೇರಿಕೊಳ್ಳಿ, ಕತ್ತಲಾದ ಮೇಲೆ ಕ್ಯಾಂಗರೂ ಯಾವ ಪೊದೆಯಿಂದ ನೆಗೆಯುತ್ತದೋ ಹೇಳಲಾಗದು. ಹಳ್ಳಿಗಳಲ್ಲಿ ರೂಮುಗಳು ಬೆರಳೆಣಿಕೆಯಷ್ಟು, ಮೊದಲೇ ಬುಕ್ ಮಾಡಿ. ಪೆಟ್ರೋಲ್ ಸಿಕ್ಕಲ್ಲಿ ತುಂಬಿಸಿ. ರಾತ್ರಿ ಚಳಿ ಕೊರೆಯುತ್ತದೆ, ಸ್ವೆಟರ್ ಇರಲಿ.

ಆಗಸ್ಟ್, ಸೆಪ್ಟೆಂಬರ್ ರಜೆ ಸಿಗದಿದ್ದರೆ ಹೂವು ಕೈತಪ್ಪಿತು ಎಂದೇನಿಲ್ಲ. ಹೂವಿನ ಕಾಲ ಉತ್ತರದಿಂದ ದಕ್ಷಿಣಕ್ಕೆ ನಿಧಾನವಾಗಿ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಸ್ಟರ್ಲಿಂಗ್ ಬೆಟ್ಟಸಾಲಿಗೆ ಹೋದರೆ ಸುಮಾರು 1,500 ಜಾತಿಗಳ ನಾಡು ಕಾದಿರುತ್ತದೆ, ಅದರ ಡಾರ್ವಿನಿಯಾ ಗಂಟೆಹೂಗಳಲ್ಲಿ ಕೆಲವು ಒಂದೆರಡು ಶಿಖರ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲ. ಆದರೆ ಆಗ ಆಕಾಶಗಂಗೆಯ ಕೇಂದ್ರ ಕತ್ತಲಾಗುವಷ್ಟರಲ್ಲಿ ಪಶ್ಚಿಮಕ್ಕೆ ವಾಲಿರುತ್ತದೆ, ರಾತ್ರಿ ಹತ್ತರ ಹೊತ್ತಿಗೆ ತಗ್ಗಿಹೋಗಿರುತ್ತದೆ. ಮ್ಯಾಗೆಲನ್ ಮೋಡಗಳಿಗೆ ಮಾತ್ರ ಬೆಳಗಿನ ಜಾವದವರೆಗೆ ಕಾಯಬೇಕಿಲ್ಲ.